ಬೇರ್ಪಡಿಸಿ ತೂಗುವ ವಿದ್ಯೆ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಅಡಿಕೆಯು ಅಸಂಖ್ಯ ಸಂಸಾರಗಳ ಜೀವನಾಧಾರವಾಗಿದೆ. ಹಣ್ಣಡಿಕೆಯನ್ನು ಅಂಗಳದಲ್ಲಿ ಸುಮಾರು 40 ದಿನ ಬಿಸಿಲಿಗೆ ಒಣಗಿಸಿ, ಸುಲಿದು, ಚಾಲಿ ಅಡಿಕೆಯನ್ನು ಪಡೆಯುತ್ತಾರೆ. ನುರಿತ ವ್ಯಾಪಾರಿಯು ಅದನ್ನು ನೋಡಿದೊಡನೆ ಉತ್ತಮವಾದುದಾವುದು, ಪಟೋರವಾವುದು, ಕರಿಗೋಟಾವುದು ಎಂದು ಹೇಳಬಲ್ಲನು. ಆದರೆ ಅದರೊಳಗೆ ಯಾವ ರಾಸಾಯನಿಕಗಳು ಎಷ್ಟೆಷ್ಟಿವೆ ಎಂಬುದನ್ನು ಎಂತಹ ಅನುಭವಿಯ ಕಣ್ಣೂ ಅರಿಯಲಾರದು.

ಈ ಅರಿವು ಇಂದು ಅತ್ಯಗತ್ಯವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಒಂದೆಡೆ ಬೆಳೆಗಾರನ ಬದುಕು, ಇನ್ನೊಂದೆಡೆ ಜಗಿಯುವವನ ಆರೋಗ್ಯ. ಇಲ್ಲಿ ಊಹೆ ಸಾಲದು; ಅಳತೆ ಬೇಕು.

ಅಡಿಕೆಯಲ್ಲಿರುವ ಮುಖ್ಯ ಕ್ಷಾರಾಭಗಳು ನಾಲ್ಕು: ಅರೆಕೋಲಿನ್, ಅರೆಕೈಡಿನ್, ಗುವಾಕೋಲಿನ್ ಮತ್ತು ಗುವಾಸಿನ್. ಇವುಗಳನ್ನು ಅಳೆಯಲು ಮೊದಲು ಬೇರ್ಪಡಿಸಬೇಕು. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಎಲೆಯ ರಸವನ್ನು ಸುಣ್ಣದ ಕಲ್ಲಿನ ಪುಡಿ ತುಂಬಿದ ಗಾಜಿನ ನಳಿಗೆಯಲ್ಲಿ ಹರಿಸಿದಾಗ, ಅದರ ಬಣ್ಣಗಳು ಬೇರೆ ಬೇರೆ ಪಟ್ಟಿಗಳಾಗಿ ನಿಂತವು. ಆತನು 1906ರಲ್ಲಿ ಈ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ, ಎಂದರೆ ವರ್ಣಲೇಖನ, ಎಂಬ ಹೆಸರನ್ನು ಬಳಸಿದನು. ಪುತ್ತೂರಿನ ಜಾತ್ರೆಯ ಗದ್ದೆಯನ್ನು ಒಟ್ಟಿಗೆ ಹೊಕ್ಕವರೆಲ್ಲ ಒಟ್ಟಿಗೆ ಹೊರಬರುವುದಿಲ್ಲ. ಅಂಗಡಿ ಅಂಗಡಿಗೂ ನಿಲ್ಲುವವರು ಹಿಂದೆ ಬೀಳುತ್ತಾರೆ. ಹಾಗೆಯೇ, ಪುಡಿಗೆ ಹೆಚ್ಚು ಅಂಟಿಕೊಳ್ಳುವ ಅಣುಗಳು ತಡವಾಗಿ ಹೊರಬರುತ್ತವೆ. ಇಂದಿನ ದ್ರವ ವರ್ಣಲೇಖನ ಯಂತ್ರದಲ್ಲಿ ಗಾಜಿನ ಬದಲು ಉಕ್ಕಿನ ನಳಿಗೆಯಿದೆ. ಪಂಪು ದ್ರವವನ್ನು ಒತ್ತಡದಿಂದ ನೂಕುತ್ತದೆ.

ಹೊರಬಂದ ಅಣುಗಳನ್ನು ತೂಗುವುದು ದ್ರವ್ಯರಾಶಿ ರೋಹಿತಮಾಪಕದ ಕೆಲಸ. ದ್ರವವನ್ನು ವಿದ್ಯುದಾವೇಶವುಳ್ಳ ತುಂತುರಾಗಿಸಿ ಅಣುಗಳನ್ನು ಈ ಯಂತ್ರಕ್ಕೆ ಒಪ್ಪಿಸುವ ಉಪಾಯವನ್ನು ಅಮೆರಿಕದ ಜಾನ್ ಫೆನ್ 1980ರ ದಶಕದಲ್ಲಿ ಬೆಳೆಸಿದನು. ಅದಕ್ಕಾಗಿ 2002ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಆತನಿಗೆ ಪಾಲು ದೊರೆಯಿತು. ಯಂತ್ರದೊಳಗಿನ ನಿರ್ವಾತದಲ್ಲಿ ವಿದ್ಯುತ್ ಕ್ಷೇತ್ರವು ಹಗುರವಾದ ಮತ್ತು ಭಾರವಾದ ಅಣುಗಳನ್ನು ಪ್ರತ್ಯೇಕಿಸುತ್ತದೆ.

ಈ ಎರಡು ಯಂತ್ರಗಳನ್ನು ಜೋಡಿಸುವುದೇಕೆ? ಅರೆಕೋಲಿನ್‌ನ ಅಣುರಾಶಿ 155. ವೀಳ್ಯದೆಲೆಗೆ ಹಚ್ಚಿದ ಸುಣ್ಣವು, ಜಗಿಯುವಾಗ, ಅರೆಕೋಲಿನ್ ಅನ್ನು ಅರೆಕೈಡಿನ್ ಆಗಿ ಮಾರ್ಪಡಿಸುತ್ತದೆ. ಅರೆಕೈಡಿನ್‌ನ ಅಣುರಾಶಿ 141. ಆದರೆ ಅಡಿಕೆಯಲ್ಲಿ ಸಹಜವಾಗಿಯೇ ಇರುವ ಗುವಾಕೋಲಿನ್‌ನ ಅಣುರಾಶಿಯೂ 141! ತೂಕವೊಂದನ್ನೇ ನಂಬಿದರೆ ಸುಣ್ಣ ಮಾಡಿದ ಕೆಲಸವಾವುದು, ಅಡಿಕೆಯ ಸಹಜಗುಣವಾವುದು ಎಂಬುದು ತಿಳಿಯದು. ನಳಿಗೆಯಲ್ಲಿ ಹಾಯ್ದಾಗ ಅವೆರಡೂ ಬೇರೆ ಬೇರೆ ಹೊತ್ತಿಗೆ ಹೊರಬರುತ್ತವೆ. ಮತ್ತೆ ಕೆಲವು ವಸ್ತುಗಳು ಒಂದೇ ಹೊತ್ತಿಗೆ ಹೊರಬಂದರೂ ತೂಕದಲ್ಲಿ ಭಿನ್ನವಾಗಿರುತ್ತವೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಯಂತ್ರಕ್ಕೆ ಬೆಳೆಗಾರನ ಪಕ್ಷವೂ ಇಲ್ಲ, ವೈದ್ಯನ ಪಕ್ಷವೂ ಇಲ್ಲ. ಇದ್ದುದನ್ನು ಇದ್ದಂತೆ ತೋರಿಸುವುದಷ್ಟೇ ಅದರ ಧರ್ಮ. ಅದು ಕೊಟ್ಟ ಅಂಕೆಗಳನ್ನು ಪ್ರಿಯವಾಗಲಿ, ಅಪ್ರಿಯವಾಗಲಿ, ಸಮಚಿತ್ತದಿಂದ ಪರಿಶೀಲಿಸಿ, ಜಗಿಯುವುದನ್ನೂ ಬೆಳೆಯುವುದನ್ನೂ ಕುರಿತು ತೀರ್ಮಾನಿಸಬೇಕಾದವರು ಮನುಷ್ಯರೇ.