ಕಾಯಿದೆ ಮತ್ತು ಪೂಜೆಯ ಬಟ್ಟಲು

1949ರಲ್ಲಿ ಮುಂಬಯಿ ಪ್ರಾಂತದಲ್ಲಿ ಪಾನನಿರೋಧ ಕಾಯಿದೆಯು ಜಾರಿಗೆ ಬಂದಾಗ ನವಲಗುಂದ, ಕಲಘಟಗಿ ಸೀಮೆಗಳೂ ಅದಕ್ಕೆ ಒಳಪಟ್ಟವು. ಕುಡಿತದಿಂದ ಸಂಸಾರಗಳು ಹಾಳಾಗುವುದನ್ನು ಬಲ್ಲವರು ಇಂಥ ಕಾಯಿದೆಯನ್ನು ಹಳಿಯಲಾರರು. ಕುಡುಕತನವನ್ನು ಕ್ರೈಸ್ತಧರ್ಮವೂ ಪಾಪವೆಂದೇ ಎಣಿಸುತ್ತದೆ. ಆದರೆ ಅದರ ಹಲವು ಪಂಗಡಗಳ ಪ್ರಭುಭೋಜನ ಸಂಸ್ಕಾರಕ್ಕೆ ದ್ರಾಕ್ಷಾಮದ್ಯವು ಬೇಕೇ ಬೇಕು. ಕಾಯಿದೆಯು ಇದನ್ನು ಮರೆಯಲಿಲ್ಲ; ಧಾರ್ಮಿಕ ಸಂಸ್ಕಾರಕ್ಕಾಗಿ ಮದ್ಯವನ್ನು ಬಳಸಲು ಸರ್ಕಾರವು ಅನುಮತಿ ನೀಡಬಹುದೆಂದು ಅದರ ಕಲಮೊಂದು ಹೇಳಿತು. ಅನುಮತಿಯೆಂದರೆ ಹಕ್ಕಲ್ಲವಷ್ಟೆ! ಪೂಜೆಯ ಬಟ್ಟಲೂ ಸರ್ಕಾರದ ಒಪ್ಪಿಗೆಗೆ ಕಾಯಬೇಕೆಂದಾಯಿತು.

ಶಾಸನದ ಕೈ ಎಲ್ಲಿಯವರೆಗೆ ಚಾಚಬಹುದು? 13ನೆಯ ಶತಮಾನದ ಕ್ರೈಸ್ತ ಪಂಡಿತನಾದ ಥಾಮಸ್ ಅಕ್ವೈನಸನು ಇದನ್ನು ವಿಚಾರಿಸಿದ್ದನು. ಮಾನವನ ಶಾಸನವು ದುರ್ಗುಣಗಳೆಲ್ಲವನ್ನೂ ನಿಷೇಧಿಸಲಾಗದು. ಪರರಿಗೆ ಕೇಡು ಮಾಡುವ ಘೋರ ಕೃತ್ಯಗಳನ್ನು ತಡೆಯುವುದೇ ಅದರ ಮುಖ್ಯ ಕೆಲಸವೆಂದು ಅವನ ಮತ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 25ನೆಯ ವಿಧಿಯು ಧರ್ಮಾಚರಣೆಯನ್ನು ಹಕ್ಕೆಂದೇ ಸಾರಿ, ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಅದನ್ನು ಒಳಪಡಿಸಿತು.