ಹಾರ್ನೆಸ್ ಹಿಡಿದ ಕೈ ಕಲಿತದ್ದು

ಅಂಗವೈಕಲ್ಯ ಇರುವವರಿಗೆ ನೆರವಾಗುವ ಸರ್ವಿಸ್ ಡಾಗ್ ಬಗ್ಗೆ ವಿಚಾರಿಸಲು ನನಗೆ ಫೋನ್ ಮಾಡುವ ಕನ್ನಡದವರು ಈಚೆಗೆ ಹೆಚ್ಚಾಗಿದ್ದಾರೆ. ಒಬ್ಬರಿಗೆ ನನ್ನ ಹಾಗೆ ದೃಷ್ಟಿ ಹೋಗುತ್ತಿರುತ್ತದೆ, ಇನ್ನೊಬ್ಬರ ಮಗುವಿಗೆ ಆಟಿಸಂ, ಮತ್ತೊಬ್ಬರ ಮಗನಿಗೆ ರಾತ್ರಿ ನಿದ್ದೆಯಲ್ಲಿ ಶುಗರ್ ಇಳಿದದ್ದು ಗೊತ್ತೇ ಆಗುವುದಿಲ್ಲ. ನಾಯಿಗೆ ಎಲ್ಲ ಕಲಿಸಿಯೇ ಕೊಡುತ್ತಾರಲ್ಲ, ನಾವು ಮಾಡುವುದೇನಿದೆ ಎಂದು ಬಹಳ ಮಂದಿ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ನನ್ನ ದೃಷ್ಟಿ ವರ್ಷ ವರ್ಷ ಕಡಿಮೆಯಾಗುತ್ತಾ ಕೊನೆಗೆ ಪೂರ್ತಿ ಹೋಯಿತು. ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಮೊದಲು ಫ್ಲೋರಾ ಎಂಬ ಕಪ್ಪು ಲ್ಯಾಬ್ರಡಾರ್ ನನ್ನನ್ನು ನಡೆಸಿದಳು, ಈಗ ಹಳದಿ ಬಣ್ಣದ ಮರ್ಫಿ ನಡೆಸುತ್ತಿದ್ದಾನೆ. ನಾಯಿಗೆ ತರಬೇತಿ ಕೊಡುವುದು ನನಗೆ ಬರುವುದಿಲ್ಲ. ಹಾರ್ನೆಸ್ಸಿನ ಹಿಡಿಕೆ ಹಿಡಿದು ನಡೆದವಳಿಗೆ ತಿಳಿದದ್ದಷ್ಟನ್ನು ಇಲ್ಲಿ ಬರೆದಿದ್ದೇನೆ.

1. ಹೊಸ ನಾಯಿಯಲ್ಲಿ ಹಳೆಯ ನಾಯಿಯನ್ನು ಹುಡುಕಬೇಡಿ

ಫ್ಲೋರಾಗೆ ವಯಸ್ಸಾಯಿತು. ಮೆಟ್ರೋಪಾರ್ಕ್ ರೈಲು ನಿಲ್ದಾಣದ ಮೆಟ್ಟಿಲ ಬಳಿ ನಿಂತು ಯೋಚಿಸತೊಡಗಿದಳು. ಸೊಂಟದಲ್ಲಿ ಸಂಧಿವಾತ ಶುರುವಾಗಿದೆ, ಕೆಲಸ ಬಿಡಿಸಿ ಎಂದು ವೆಟ್ ಹೇಳಿದರು. ನಿವೃತ್ತಿಯಾದ ನಾಯಿಯನ್ನು ಮನೆಯಲ್ಲೇ ಸಾಕಿಕೊಳ್ಳಬಹುದು, ಬೇಕಾದವರಿಗೆ ಕೊಡಬಹುದು, ಇಲ್ಲವೇ ಎಂಟು ವಾರದ ಮರಿಯಿಂದ ಸಾಕಿ, ಅಂಧರನ್ನು ನಡೆಸುವ ಗೈಡ್ ಡಾಗ್‌ಗಳ ಶಾಲೆಗೆ ಒಪ್ಪಿಸಿದ ಕುಟುಂಬಕ್ಕೆ ಕಳಿಸಬಹುದು. ನಾವು ದಿನವಿಡೀ ಮನೆಯಲ್ಲಿರುವುದಿಲ್ಲ ಎಂದು ಫ್ಲೋರಾಳನ್ನು ಪೆನ್ಸಿಲ್ವೇನಿಯಾದಲ್ಲಿರುವ ಆ ಕುಟುಂಬಕ್ಕೆ ಕಳಿಸಿದೆವು. ಆ ದುಃಖ ಆರುವ ಮೊದಲೇ ಮರ್ಫಿ ಬಂದ.

ಫ್ಲೋರಾ ಅಳೆದು ಸುರಿದಂತೆ ನಡೆಯುತ್ತಿದ್ದವಳು. ಮರ್ಫಿಗೆ ಆಗ ಎರಡು ವರ್ಷ. ಲ್ಯಾಬ್‌ಗಳ ಮೈ ಬೇಗ ಬೆಳೆಯುತ್ತದೆ, ಹುಡುಗಾಟ ಹೋಗಲು ಇನ್ನೂ ಒಂದು ವರ್ಷವಾದರೂ ಬೇಕು. ಅವನ ನಡಿಗೆ ಚುರುಕು, ತಿರುವಿನಲ್ಲಿ ಎಳೆತ ಜಾಸ್ತಿ. "ಫ್ಲೋರಾ ಹೀಗೆ ಮಾಡ್ತಿರಲಿಲ್ಲ" ಎಂದು ಅವನ ಮುಂದೆಯೇ ಹೇಳುತ್ತಿದ್ದೆ, ಎಷ್ಟೋ ಸಲ ಅವಳ ಹೆಸರಿನಿಂದಲೇ ಕರೆದೆ. ಮಾತು ಅವನಿಗೆ ಅರ್ಥವಾಗದಿದ್ದರೂ ನನ್ನ ಬಿಗಿದ ಎಡಗೈ ಹಿಡಿಕೆಯ ಮೂಲಕ ಎಲ್ಲವನ್ನೂ ತಿಳಿಸುತ್ತಿತ್ತು. ಅವನು ನಾಲ್ಕು ಹೆಜ್ಜೆಗೊಮ್ಮೆ ನಿಂತು ನನ್ನತ್ತ ತಿರುಗುತ್ತಿದ್ದ. ನಾಯಿ ಸರಿಯಿಲ್ಲ ಎಂದು ಶಾಲೆಗೆ ಫೋನ್ ಮಾಡಿದೆ.

ಟ್ರೇನರ್ ಬಂದು ಮರ್ಫಿಯನ್ನು ಪಕ್ಕಕ್ಕೆ ಕೂರಿಸಿದರು. ಹಾರ್ನೆಸ್ಸಿನ ಮುಂದಿನ ತುದಿಯನ್ನು ತಾವೇ ಹಿಡಿದು, ತಾವೇ ನಾಯಿಯಾಗಿ ನನ್ನನ್ನು ನಡೆಸಿದರು. ಶಾಲೆಗಳಲ್ಲಿ ಇದಕ್ಕೆ ಜೂನೋ ವಾಕ್ ಎನ್ನುತ್ತಾರೆ, ನಾಯಿ ಕೊಡುವ ಮೊದಲು ಎಲ್ಲರಿಗೂ ಮಾಡಿಸುತ್ತಾರೆ. ನಂತರ ಅವರು ನನ್ನ ಜಾಗದಲ್ಲಿ ನಿಂತು ನನ್ನ ಹಾಗೆಯೇ ಹಿಡಿಕೆ ಹಿಡಿದರು, ಮುಂದಿನ ತುದಿ ನನ್ನ ಕೈಗೆ ಬಂತು. ಪ್ರತಿ ಹೆಜ್ಜೆಗೂ ಹಿಂದಕ್ಕೆ ಜಗ್ಗುತ್ತಿತ್ತು. ಇಷ್ಟು ದಿನ ಮರ್ಫಿ ಸಹಿಸಿಕೊಂಡದ್ದು ಇದನ್ನು ಎಂದು ತಿಳಿದಾಗ ನನಗೆ ಬಹಳ ನೋವಾಯಿತು. ಜೋಡಿ ಪೂರ್ತಿ ಕುದುರಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಎಂದು ಎಲ್ಲ ಟ್ರೇನರ್‌ಗಳೂ ಹೇಳುತ್ತಾರೆ. ಎರಡನೆಯ ನಾಯಿಗೆ ಅಷ್ಟೆಲ್ಲ ಬೇಡ ಎಂದುಕೊಳ್ಳಬೇಡಿ.

2. ಲ್ಯಾಬ್‌ನ ಹಸಿವು ಹುಟ್ಟಿನಿಂದಲೇ ಬಂದದ್ದು

ಹೊಟ್ಟೆಬಾಕ ನಾಯಿ ಎಂದು ಬೈಯುವ ಮೊದಲು ಇದನ್ನು ತಿಳಿಯಿರಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಲಿನಾರ್ ರಾಫನ್ ಮತ್ತು ಸಂಗಡಿಗರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ವ್ಯವಸ್ಥೆಯಲ್ಲಿ ಪಿಒಎಂಸಿ ಎಂಬ ಜೀನಿಗೆ ಮುಖ್ಯ ಪಾತ್ರವಿದೆ. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಆ ಜೀನಿನ ಒಂದು ತುಣುಕು ಇಲ್ಲ. ಅವರು ಪರೀಕ್ಷಿಸಿದ ಸರ್ವಿಸ್ ಡಾಗ್‌ಗಳಲ್ಲಂತೂ ಮುಕ್ಕಾಲು ಭಾಗಕ್ಕೆ ಈ ಕೊರತೆ ಇತ್ತು. ಇಂಥ ನಾಯಿಗಳಿಗೆ ಊಟದ ನಡುವೆ ಹಸಿವು ಹೆಚ್ಚು ಮಾತ್ರವಲ್ಲ, ಸುಮ್ಮನೆ ಮಲಗಿದ್ದಾಗ ಅವುಗಳ ಮೈ ಸುಮಾರು ಶೇಕಡಾ 25 ಕಡಿಮೆ ಶಕ್ತಿ ಖರ್ಚುಮಾಡುತ್ತದೆ ಎಂದು ಅದೇ ತಂಡ 2024ರಲ್ಲಿ ತೋರಿಸಿತು. ತರಬೇತಿಯಲ್ಲಿ ಒಂದು ಕಾಳು ತಿಂಡಿಗಾಗಿ ಹತ್ತು ಸಲ ಬೇಸರವಿಲ್ಲದೆ ಅದೇ ಕೆಲಸ ಮಾಡುವ ನಾಯಿ, ನಮ್ಮೂರಿನ ಓಕ್ ಟ್ರೀ ರೋಡಿನ ಫುಟ್‌ಪಾತಿನಲ್ಲಿ ಬಿದ್ದ ಸಮೋಸದ ಚೂರಿಗೂ ತಲೆ ಬಾಗಿಸುತ್ತದೆ. ಎರಡೂ ಒಂದೇ ಹಸಿವಿನ ಕೆಲಸ. ಶಾಲೆಗೆ ಬೇಕಾದ ಗುಣವನ್ನೇ ನಾವು ಮನೆಯಲ್ಲಿ ಕಾಯಬೇಕು.

ನಾನು ಕಾಯಲಿಲ್ಲ. ಗಣೇಶನ ಹಬ್ಬಕ್ಕೆ ಮನೆ ತುಂಬ ಜನ. ಅಮ್ಮ ತುಪ್ಪ ಸುರಿದು ಸಜ್ಜಿಗೆ ಮಾಡಿದ್ದರು, ಕೈತುಂಬ ಒಣದ್ರಾಕ್ಷಿ ಹಾಕಿ. ಒಂದು ಮಗುವಿನ ತಟ್ಟೆ ಜಾರಿತು. ತಟ್ಟೆ ಬಿದ್ದ ಸದ್ದು ಕೇಳಿತು, ಅದರ ಹಿಂದೆಯೇ ನಾಲಿಗೆಯ ಸದ್ದು. ಮರ್ಫಿಯ ಬಾಯಿಗೆ ಬೆರಳು ಹಾಕುವಷ್ಟರಲ್ಲಿ ನೆಲ ಸ್ವಚ್ಛವಾಗಿತ್ತು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಹುದು. ಯಾವ ನಾಯಿಗೆ ಎಷ್ಟು ತಿಂದರೆ ಅಪಾಯ ಎಂದು ಮೊದಲೇ ಹೇಳಲಾಗುವುದಿಲ್ಲ. ಎಮರ್ಜೆನ್ಸಿ ವೆಟ್ ಹತ್ತಿರ ಓಡಿದೆವು. ವಾಂತಿ ಮಾಡಿಸಿದರು, ಡ್ರಿಪ್ ಹಾಕಿದರು, ರಕ್ತಪರೀಕ್ಷೆ ಮಾಡುತ್ತಾ ಇಟ್ಟುಕೊಂಡರು. ಅವನು ಉಳಿದ. ಅಮ್ಮ ಆ ವರ್ಷವಿಡೀ ಸಜ್ಜಿಗೆ ಮಾಡಲಿಲ್ಲ, ಆದರೆ ತಪ್ಪು ನನ್ನದು. ಜನ ಸೇರುವ ದಿನ ನಾಯಿಯನ್ನು ಕೋಣೆಯಲ್ಲಿ ಅದರ ಜಾಗಕ್ಕೆ ಕಟ್ಟಿಹಾಕಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹಬ್ಬದ ದಿನ ಪಾಪ ಎಂದು ಬಿಟ್ಟಿದ್ದೆ.

ನಮ್ಮ ಅಡುಗೆಯಲ್ಲಿ ಅಪಾಯದ ಪದಾರ್ಥಗಳು ಇನ್ನೂ ಇವೆ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾದರೂ ಬೆಂದರೂ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಹಾಗಾಗಿ ಸಾಗು, ಪಲ್ಯ, ಸಾಂಬಾರು ಕಲಸಿದ ಅನ್ನ ಯಾವುದೂ ಬೇಡ. ಚಾಕೊಲೇಟ್ ಬೇಡ, ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುವ ಚ್ಯೂಯಿಂಗ್ ಗಮ್ ಅಂತೂ ನಾಯಿಗೆ ಎಟುಕುವ ಕಡೆ ಇಡಲೇ ಬೇಡಿ. ಮರ್ಫಿಗೆ ಅಳೆದು ಹಾಕಿದ ಊಟ, ನಡುವೆ ಕ್ಯಾರೆಟ್ ತುಂಡು. ಮನೆಯಲ್ಲಿ ಅವನ ಕೊರಳಿಗೆ ಒಂದು ಪುಟ್ಟ ಗಂಟೆ ಕಟ್ಟಿದ್ದೇನೆ. ಅಡುಗೆಮನೆ ಕಡೆ ಗಂಟೆ ಕೇಳಿಸಿ ಥಟ್ಟನೆ ನಿಂತರೆ ನಾನು ಏಳುತ್ತೇನೆ.

3. ಬುದ್ಧಿವಂತ ನಾಯಿ ಮಾತು ಮೀರಿದರೆ ನೀವು ನಿಲ್ಲಿ

ಸ್ಟ್ಯಾನ್ಲಿ ಕೋರೆನ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ನಾಯಿಗಳ ಬುದ್ಧಿಯ ಬಗ್ಗೆ ಒಂದು ಪುಸ್ತಕ ಬರೆದರು. ಆಜ್ಞಾಪಾಲನೆಯ ಸ್ಪರ್ಧೆಗಳ ತೀರ್ಪುಗಾರರನ್ನು ಕೇಳಿ ಅವರು ಮಾಡಿದ ಪಟ್ಟಿಯಲ್ಲಿ ಲ್ಯಾಬ್ರಡಾರ್‌ಗೆ ಏಳನೆಯ ಸ್ಥಾನ. ಹೇಳಿದ್ದನ್ನು ಬೇಗ ಕಲಿತು ಮಾಡುವ ಬುದ್ಧಿಯನ್ನು ಆ ಪಟ್ಟಿ ಅಳೆಯುತ್ತದೆ. ಗೈಡ್ ಡಾಗ್‌ಗೆ ಅದರ ಮೇಲೆ ಇನ್ನೊಂದು ಬುದ್ಧಿ ಬೇಕು. ಹೇಳಿದ್ದು ಅಪಾಯವೆಂದು ಕಂಡರೆ ಮಾಡದೆ ಇರುವ ಬುದ್ಧಿ. ಅದನ್ನು ತಿಂಗಳುಗಟ್ಟಲೆ ಕಲಿಸುತ್ತಾರೆ.

ಮರ್ಫಿ ಬಂದ ಹೊಸತು. ಆಫೀಸಿಗೆ ಹೋಗುವ ದಿನನಿತ್ಯದ ದಾರಿ, ಅಡ್ಡ ಏನೂ ಇರಬಾರದ ಜಾಗ. ಅವನು ಥಟ್ಟನೆ ನಿಂತ. "ಫಾರ್ವರ್ಡ್" ಎಂದೆ. ಕದಲಲಿಲ್ಲ. ಮತ್ತೆ ಗಡಸಾಗಿ ಹೇಳಿದೆ. ಅವನು ಅಡ್ಡ ತಿರುಗಿ ನನ್ನ ಮೊಣಕಾಲಿಗೆ ತನ್ನ ಇಡೀ ಪಕ್ಕೆಯನ್ನು ಒತ್ತಿ ನಿಂತ. ಅವನ ಉಸಿರು ನನ್ನ ಕಾಲಿಗೆ ತಾಗುತ್ತಿತ್ತು. ರೈಲು ತಪ್ಪುತ್ತದೆ ಎಂಬ ಆತುರಕ್ಕೆ ಮೊಣಕಾಲಿನಿಂದ ಅವನನ್ನು ನೂಕಿದೆ. ಮುಂದೆ ಹೋಗುವ ಬದಲು ಅವನು ನನ್ನನ್ನೇ ಹಿಂದಕ್ಕೆ ತಳ್ಳಿದ. ಆಗ ರಸ್ತೆಯಾಚೆಯಿಂದ ಯಾರೋ ನಿಲ್ಲಿ, ನಿಲ್ಲಿ ಎಂದು ಕೂಗಿದರು. ಕಾಲು ಚಾಚಿ ನೋಡಿದರೆ ಸೈಡ್‌ವಾಕ್ ಅಲ್ಲಿಗೇ ಮುಗಿದಿತ್ತು. ಪೈಪಿಗಾಗಿ ರಾತ್ರಿ ಅಗೆದು ಹೋಗಿದ್ದರು, ಕಟ್ಟಿದ್ದ ಟೇಪು ಹರಿದಿತ್ತು.

ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಅವನ ಕೊರಳು ಹಿಡಿದುಕೊಂಡೆ. ನಾನು ಇನ್ನೂ ನಾಲ್ಕು ಸಲ ಹೀಗೆ ನೂಕಿದ್ದರೆ ಅವನು ನಿಲ್ಲುವುದನ್ನೇ ಬಿಡುತ್ತಿದ್ದನೇನೋ ಎಂದು ಈಗಲೂ ಹೆದರುತ್ತೇನೆ. ನಾಯಿ ನಿಂತರೆ ಮೊದಲು ಕಾಲಿನಿಂದಲೋ ಕೈಯಿಂದಲೋ ತಡಕಿ ನೋಡಿ. ಕಾರಣ ಸಿಕ್ಕರೆ ಆ ಕ್ಷಣವೇ ಹೊಗಳಿ, ತಿಂಡಿ ಕೊಡಿ. ಏನೂ ಸಿಗದಿದ್ದರೆ ಮಾತ್ರ ಮತ್ತೆ ಹೇಳಿ.

4. ಸಿಗ್ನಲ್ ನೋಡುವುದು ನಾಯಿಯ ಕೆಲಸವಲ್ಲ

ಕೆಂಪು, ಹಸಿರು ನೋಡಿ ನಾಯಿ ರಸ್ತೆ ದಾಟಿಸುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಯಾವಾಗ ದಾಟಬೇಕೆಂದು ತೀರ್ಮಾನಿಸುವವಳು ನಾನು. ನನ್ನ ಪಕ್ಕದಲ್ಲಿ ಸಾಗುವ ವಾಹನಗಳು ಹೊರಟ ಸದ್ದು ಕೇಳಿ ಆಜ್ಞೆ ಕೊಡುತ್ತೇನೆ. ತಿರುವಿನಲ್ಲಿ ಕಾರು ನುಗ್ಗಿ ಬಂದರೆ ತಡೆಯುವುದು ಅವನ ಪಾಲಿನದು. ಎಲೆಕ್ಟ್ರಿಕ್ ಕಾರುಗಳು ಸದ್ದಿಲ್ಲದೆ ಬರುತ್ತವೆ ಎಂದೇ ಅಮೆರಿಕದಲ್ಲಿ ಗಂಟೆಗೆ 30 ಕಿ.ಮೀ.ವರೆಗಿನ ವೇಗದಲ್ಲಿ ಅವು ಸದ್ದು ಮಾಡಬೇಕೆಂಬ ನಿಯಮ ಬಂತು. ಅಂಧರ ಸಂಘಟನೆಗಳು ಅದಕ್ಕಾಗಿ ವರ್ಷಗಟ್ಟಲೆ ಓಡಾಡಿವೆ.

5. ಮೊದಲ ವಾರಗಳಲ್ಲಿ ಮನೆಯವರು ಕೈಕಟ್ಟಿ ಕೂರಬೇಕು

ಇದು ಎಲ್ಲಕ್ಕಿಂತ ಕಷ್ಟದ ಪಾಠ. ಲ್ಯಾಬ್‌ಗಳ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ಬಲೆ ಎಳೆದ, ತಪ್ಪಿಸಿಕೊಂಡ ಮೀನು ಹಿಡಿದು ತಂದ ನಾಯಿಗಳು. ಮನುಷ್ಯರ ಒಡನಾಟದಲ್ಲೇ ದುಡಿದು ಬೆಳೆದ ಈ ತಳಿಗೆ ಅಪರಿಚಿತರು ಎಂಬುದೇ ಇಲ್ಲ. ಕಾವಲಿಗೆ ಒದಗದ ಆ ಸ್ನೇಹವೇ ಗೈಡ್ ಡಾಗ್ ಕೆಲಸಕ್ಕೆ ಒದಗಿತು. ಆದರೆ ಯಾರು ಕರೆದರೂ ಓಡುವ ಮನಸ್ಸು ಒಬ್ಬರ ಮೇಲೆ ನಿಲ್ಲಬೇಕಾದರೆ ಉಳಿದವರು ದೂರವಿರಬೇಕು. ಊಟ, ಬ್ರಷ್, ಹೊರಗೆ ಕರೆದುಕೊಂಡು ಹೋಗುವುದು ಎಲ್ಲ ನಾನೇ ಮಾಡಬೇಕಿತ್ತು. ಮನೆಯೊಳಗೂ ಲೀಶ್ ನನ್ನ ಕೈಯಲ್ಲೇ ಇರಬೇಕಿತ್ತು.

ಮಗಳಿಗೆ ಇದನ್ನು ಹೇಳಿದ್ದೆ, ಏಕೆ ಎಂದು ಬಿಡಿಸಿ ಹೇಳಿರಲಿಲ್ಲ. ಒಂದು ಬೆಳಿಗ್ಗೆ ನಾವು ಮುಂಬಾಗಿಲ ಮೆಟ್ಟಿಲಿಳಿಯುವಾಗ ಅವಳು ಹಿಂದಿನಿಂದ "ಮರ್ಫೀ" ಎಂದು ಪ್ರೀತಿಯಿಂದ ಕರೆದಳು. ಅವನು ತಿರುಗಿದ, ನಾನು ಮೆಟ್ಟಿಲು ತಪ್ಪಿ ಬಿದ್ದೆ. ಮಣಿಕಟ್ಟು ಉಳುಕಿತು. ಮಗು ಅತ್ತದ್ದು ಕೇಳಲಾಗಲಿಲ್ಲ. ಹಾರ್ನೆಸ್ ಹಾಕಿದ್ದಾಗ ಅವನು ಅಮ್ಮನ ಕಣ್ಣು ಎಂದು ಮೊದಲೇ ಅವಳನ್ನು ಕೂರಿಸಿಕೊಂಡು ಹೇಳಬೇಕಿತ್ತು. ಈಗ ಅವಳೇ ತನ್ನ ಗೆಳತಿಯರಿಗೆ ಹೇಳುತ್ತಾಳೆ, ಮುಟ್ಟಬೇಡಿ, ಕರೆಯಬೇಡಿ, ಕಣ್ಣಿಗೆ ಕಣ್ಣಿಟ್ಟು ನೋಡಲೂ ಬೇಡಿ ಎಂದು.

ಅಮ್ಮ ಮೈಸೂರಿನಿಂದ ಬಂದಾಗ ಮಡಿಯ ಮಾತು ಬಂತು. ನಾಯಿ ಅಡುಗೆಮನೆ ಹೊಸಿಲು ದಾಟಕೂಡದು, ದೇವರ ಕೋಣೆಗಂತೂ ಕೂಡದೇ ಕೂಡದು ಎಂದರು. ನಾನು ಜಗಳಕ್ಕೆ ಸಿದ್ಧಳಾಗಿದ್ದೆ. ಆದರೆ ಅಡುಗೆಮನೆಯ ಹೊರಗೆ ಗಡಿ ಹಾಕಿ ಎಂದು ಟ್ರೇನರ್ ಕೂಡ ಹೇಳಿದ್ದರು. ಅಮ್ಮನೇ "ಇಲ್ಲಿಗೆ ನಿಲ್ಲು" ಎಂದು ಹೊಸಿಲ ಬಳಿ ಬೆರಳು ತೋರಿಸಿ ಹೇಳಿದರು, ಮರ್ಫಿ ಬೇಗನೆ ಕಲಿತುಬಿಟ್ಟ. ಈಗ ಅಮ್ಮ ಒಗ್ಗರಣೆ ಹಾಕುವಾಗ ಅವನು ಹೊಸಿಲಿಗೆ ಗದ್ದ ಊರಿ ಮಲಗಿರುತ್ತಾನೆ. ಅಮ್ಮ ಅವನ ಜೊತೆ ಮಾತಾಡುತ್ತಿರುತ್ತಾರೆ, ಊರಿನ ಸುದ್ದಿಯನ್ನೆಲ್ಲ.

6. ಹಾರ್ನೆಸ್ ಕಳಚಿದ ಮೇಲೆ ಆಡಲು ಬಿಡಿ

ಕೆಲಸದ ನಾಯಿ ಎಂದು ಫ್ಲೋರಾಳನ್ನು ಮೊದಮೊದಲು ಸದಾ ಶಿಸ್ತಿನಲ್ಲಿ ಇಟ್ಟೆ. ಅವಳು ಮಂಕಾದಳು. ಮರ್ಫಿಗೆ ದಿನಾ ಸಂಜೆ ಹಿತ್ತಿಲಲ್ಲಿ ಚೆಂಡಾಟ, ಬೇಸಿಗೆಯಲ್ಲಿ ಕೆರೆಯ ಈಜು. ಬೆರಳುಗಳ ನಡುವಿನ ಜಾಲಪೊರೆ, ದಪ್ಪನೆಯ ಬಾಲ, ನೀರು ಒಳಗಿಳಿಯದ ಎರಡು ಪದರದ ಕೂದಲು, ಇವೆಲ್ಲ ನೀರಿಗೆಂದೇ ಇರುವಂಥವು. ಈಜಿದ ಮೇಲೆ ಜೋಲುಕಿವಿಯ ಒಳಗೆ ಒರೆಸುವುದನ್ನು ಮರೆಯಬೇಡಿ, ಸೋಂಕು ಬೇಗ ಹಿಡಿಯುತ್ತದೆ. ಕೂದಲು ವರ್ಷವಿಡೀ ಉದುರುತ್ತದೆ. ಒಳ್ಳೆಯ ರೇಷ್ಮೆ ಸೀರೆಯನ್ನು ಹೊರಡುವ ಗಳಿಗೆಯಲ್ಲೇ ಉಡಿ.

7. ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿದಿರಿ

ಅಂಗವೈಕಲ್ಯ ಇರುವವರ ಹಕ್ಕಿಗಾಗಿ ಇರುವ ಅಮೆರಿಕದ 1990ರ ಎಡಿಎ ಕಾನೂನಿನ ಪ್ರಕಾರ ಅಂಗಡಿ, ಹೋಟೆಲುಗಳಲ್ಲಿ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಬೇಕಾದ ಸರ್ವಿಸ್ ಡಾಗ್ ಇದೇನು, ಯಾವ ಕೆಲಸಕ್ಕೆ ತರಬೇತಿ ಪಡೆದಿದೆ? ಕಾಯಿಲೆ ಏನೆಂದು ಕೇಳುವಂತಿಲ್ಲ, ಕಾರ್ಡು ತೋರಿಸಿ ಎನ್ನುವಂತಿಲ್ಲ. ಇಂಟರ್‌ನೆಟ್ಟಿನಲ್ಲಿ ದುಡ್ಡಿಗೆ ಸಿಗುವ ಸರ್ಟಿಫಿಕೇಟುಗಳಿಗೆ ಬೆಲೆಯೂ ಇಲ್ಲ. ನಾಯಿ ಹತೋಟಿ ತಪ್ಪಿದಾಗ ನಾವು ತಡೆಯದಿದ್ದರೆ, ಇಲ್ಲವೇ ಅದು ಒಳಗೆ ಗಲೀಜು ಮಾಡಿದರೆ ಮಾತ್ರ ಹೊರಗೆ ಕಳಿಸಬಹುದು, ಅದೂ ನ್ಯಾಯವೇ.

ಒಂದು ದಿನಸಿ ಅಂಗಡಿಯಲ್ಲಿ ನನ್ನನ್ನು ತಡೆದಾಗ ಜೋರಾಗಿ ಕಾನೂನು ಹೇಳಿ ಒಳಗೆ ಹೋದೆ. ಗೆದ್ದೆ, ಆದರೆ ಮುಂದೆ ಎಂದೂ ಅಲ್ಲಿ ಯಾರೂ ನನಗೆ ಸಾಮಾನು ಹುಡುಕಿಕೊಡಲು ಹತ್ತಿರ ಬರಲಿಲ್ಲ. ಈಗ ಮೊದಲ ಸಲ ಹೋಗುವ ಕಡೆ ನಿಂತು ಎರಡು ನಿಮಿಷ ವಿವರಿಸುತ್ತೇನೆ. ದೇವಸ್ಥಾನದ ವಿಷಯ ಬೇರೆ. ಧಾರ್ಮಿಕ ಸಂಸ್ಥೆಗಳಿಗೆ ಎಡಿಎಯ ಈ ನಿಯಮ ಅನ್ವಯಿಸುವುದಿಲ್ಲ, ಬೇಡವೆಂದರೆ ಅದು ಅವರ ಹಕ್ಕು. ಮೊದಲೇ ಫೋನ್ ಮಾಡಿ ಕೇಳುತ್ತೇನೆ. ಕೆಲವು ಕಡೆ ಸಭಾಂಗಣದವರೆಗೆ ಬಿಡುತ್ತಾರೆ. ಇಲ್ಲದಿದ್ದರೆ ನಮ್ಮನೆಯವರು ಕಾರಿನ ಬಳಿ ಮರ್ಫಿಯ ಜೊತೆ ನಿಲ್ಲುತ್ತಾರೆ, ನಾನು ಮಗಳ ತೋಳು ಹಿಡಿದು ಪ್ರದಕ್ಷಿಣೆ ಬರುತ್ತೇನೆ.

ಮೈಸೂರಿಗೆ ಅವನನ್ನು ಕರೆದೊಯ್ಯುವುದಿಲ್ಲ. ಭಾರತದ ಪ್ರಾಣಿ ಕ್ವಾರಂಟೈನ್ ಇಲಾಖೆಯ ಅನುಮತಿ ಪಡೆಯಬಹುದು, ವಾಪಸು ಬರುವಾಗ ಅಮೆರಿಕದವರ ರೇಬೀಸ್ ಕಾಗದಗಳನ್ನೂ ಹೊಂದಿಸಬಹುದು. ಆದರೆ ಫುಟ್‌ಪಾತೇ ಇಲ್ಲದ ರಸ್ತೆ, ಬೀದಿಗೊಂದು ನಾಯಿಗಳ ಗುಂಪು, ಇವುಗಳ ನಡುವೆ ಅವನನ್ನು ನಿಲ್ಲಿಸಲು ನನಗೆ ಮನಸ್ಸಿಲ್ಲ. ಅಲ್ಲಿ ಬಿಳಿ ಕೋಲು ಹಿಡಿಯುತ್ತೇನೆ. ಕೋಲಿನಲ್ಲಿ ಚೆನ್ನಾಗಿ ಓಡಾಡಬಲ್ಲವರಿಗೇ ಶಾಲೆಗಳು ನಾಯಿ ಕೊಡುವುದು. ನಾಯಿ ಬಂದ ಮೇಲೂ ಆ ಅಭ್ಯಾಸ ಬಿಡಬೇಡಿ. ನಾಯಿಯನ್ನು ಬಿಟ್ಟು ಹೋಗಿದ್ದರೆ, ರಜೆ ಮುಗಿಸಿ ಬಂದ ಮೇಲೆ ಅದರ ಜೊತೆ ನೇರ ಸ್ಟೇಷನ್ನಿಗೆ ಹೊರಡಬೇಡಿ. ಮನೆಯ ಸುತ್ತಲಿನ ಸುಲಭದ ದಾರಿಯಲ್ಲಿ ಒಂದೆರಡು ದಿನ ನಡೆದಾಡಿ, ಆಮೇಲೆ ರೈಲು ಹತ್ತಿ.