ಕೇಳುವ ಮೊದಲು ಕೂರಿಸಿ

ಭುಜದ ಮೇಲೆ ಎರಡು ನಕ್ಷತ್ರ ಬಂದಿವೆ, ಸಂತೋಷ. ನಿಮ್ಮ ತಾಯಿ ಅವನ್ನು ಮುಟ್ಟಿ ಮುಟ್ಟಿ ನೋಡಿರುತ್ತಾರೆ. ಆದರೆ ಹೊಸ ಪಿಎಸ್‌ಐಗಳನ್ನು ಕಂಡಾಗಲೆಲ್ಲ ನನಗೊಂದು ಚಿಂತೆ. ಕಾಲ್ ಡೀಟೇಲ್ಸ್ ತರಿಸುವುದು, ಸಿಸಿಟಿವಿ ಜಾಲಾಡುವುದು ನಿಮಗೆ ಚೆನ್ನಾಗಿ ಬರುತ್ತದೆ. ಎದುರಿಗಿರುವ ಮನುಷ್ಯನನ್ನು ಮಾತನಾಡಿಸುವುದು ಮಾತ್ರ ಬರುವುದಿಲ್ಲ. ಠಾಣೆಯ ಹಳಬರು ಹೇಗೆ ಗದರುತ್ತಾರೋ ಹಾಗೆ ಗದರುವುದನ್ನೇ ವಿಚಾರಣೆ ಅಂದುಕೊಳ್ಳುತ್ತೀರಿ. ನಾನು ಖಾಕಿ ಮಡಚಿಟ್ಟು ಮನೆಯಲ್ಲಿ ಕೂತವಳು, ಇನ್ನು ನನಗೆ ಮೆಮೊ ಕೊಡುವವರಿಲ್ಲ. ಹೇಳಿಬಿಡುತ್ತೇನೆ, ಕೇಳಿ.

ಮೊದಲು ಠಾಣೆಯ ಬೆಂಚಿನ ಮೇಲೆ ಯಾರು ಕೂತಿದ್ದಾರೆ ನೋಡಿ. ಕದ್ದವನೂ ಅಲ್ಲೇ, ಕಳೆದುಕೊಂಡವಳೂ ಅಲ್ಲೇ, ಕಣ್ಣಾರೆ ಕಂಡವನೂ ಅಲ್ಲೇ. ಎಲ್ಲರಿಗೂ ಒಂದೇ ದನಿ, ಒಂದೇ ಏಕವಚನ. ಸಾಕ್ಷಿ ನಿಮ್ಮ ನೆಂಟ ಇದ್ದಹಾಗೆ. ಅವನು ಮುನಿಸಿಕೊಂಡರೆ ಕೇಸೇ ಮುನಿಸಿಕೊಳ್ಳುತ್ತದೆ. ಎಲ್ಲರನ್ನೂ ಠಾಣೆಗೆ ಕರೆಸುವ ಚಟ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಓದಿದ್ದೀರಲ್ಲ? ಹೆಂಗಸರು, 15 ತುಂಬದ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರು ಇವರನ್ನೆಲ್ಲ ಅವರು ವಾಸವಿರುವ ಜಾಗದಲ್ಲೇ ವಿಚಾರಿಸಬೇಕು. ಜೀಪು ನಿಮ್ಮದು, ಕಾಲೂ ಗಟ್ಟಿಯಾಗಿವೆ, ನೀವೇ ಹೋಗಿ. ಪೋಕ್ಸೊ ಕೇಸಿನ ಮಗುವಿನ ಮುಂದಂತೂ ಯೂನಿಫಾರಂ ಹಾಕಿಕೊಂಡು ನಿಲ್ಲಲೇಬೇಡಿ, ಕಾನೂನೇ ಬೇಡ ಅಂದಿದೆ.

ಇನ್ನು ಪ್ರಶ್ನೆಯ ವಿಷಯ. ಇದರಲ್ಲಿ ನಾನೇ ಪೆಟ್ಟು ತಿಂದವಳು. ಒಂದು ಸರಗಳ್ಳತನದ ಕೇಸು. ತರಕಾರಿ ಮಾರುವ ಅಜ್ಜಿಯೊಬ್ಬಳು ಕಣ್ಣಾರೆ ಕಂಡಿದ್ದಳು. ನನಗೆ ಅವಸರ. 'ಕೆಂಪು ಬೈಕ್ ತಾನೇ ಅಜ್ಜಿ?' ಅಂದೆ. 'ಹೂಂ ಕಣವ್ವ' ಅಂದಳು. 'ಇಬ್ಬರಿದ್ದರಲ್ಲವಾ?' 'ಹೂಂ.' ರೈಟರ್ ಚಕಚಕ ಬರೆದುಕೊಂಡ. ಎರಡು ವರ್ಷದ ಮೇಲೆ ಕೋರ್ಟಿನ ಕಟಕಟೆಯಲ್ಲಿ ಅಜ್ಜಿ, ಬೈಕು ಕಪ್ಪಗಿತ್ತು ಸ್ವಾಮಿ, ಆವಮ್ಮ ಕೆಂಪು ಅಂದರು, ದೊಡ್ಡವರ ಮಾತಿಗೆ ಹೂಂ ಅಂದೆ ಅಂತ ಹೇಳಿಬಿಟ್ಟಳು. ಆರೋಪಿಯ ವಕೀಲರು ನಕ್ಕರು. ಜಪ್ತಿಯಾದ ಬೈಕೂ ಕಪ್ಪೇ ಇತ್ತು ಅನ್ನುವುದು ನನ್ನ ಕರ್ಮ. ಅಜ್ಜಿ ಸುಳ್ಳು ಹೇಳಿರಲಿಲ್ಲ, ನಾನು ಹೇಳಿಸಿದ್ದೆ.

ಇದು ನಮ್ಮ ಅಜ್ಜಿಯರ ದೋಷ ಮಾತ್ರ ಅಲ್ಲ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು 'ತಾಗಿದಾಗ' ವೇಗ ಎಷ್ಟಿತ್ತು ಅಂತ ಕೆಲವರಿಗೆ, 'ಅಪ್ಪಳಿಸಿದಾಗ' ಎಷ್ಟಿತ್ತು ಅಂತ ಕೆಲವರಿಗೆ ಕೇಳಿದರು. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ವೇಗವನ್ನು ಹೆಚ್ಚು ಹೇಳಿದರು. ವಾರ ಬಿಟ್ಟು ವಿಚಾರಿಸಿದರೆ, ಇಲ್ಲದ ಒಡೆದ ಗಾಜನ್ನು ಕಂಡೆವು ಅಂದವರೂ ಅವರಲ್ಲೇ ಹೆಚ್ಚು. ಓದಿದ ಹುಡುಗರ ನೆನಪೇ ಒಂದು ಕ್ರಿಯಾಪದಕ್ಕೆ ಬಾಗುತ್ತದೆ ಅಂದರೆ ನಿಮ್ಮ ಲಾಠಿ ಕಂಡು ನಡುಗುವವರ ಪಾಡೇನು?

ಆದ್ದರಿಂದ 'ಆ ದಿನ ಬೆಳಿಗ್ಗೆ ಎದ್ದಾಗಿನಿಂದ ಹೇಳಿ' ಅನ್ನಿ, ಆಮೇಲೆ ಸುಮ್ಮನಿರಿ. ಅವರು ಎಮ್ಮೆ ಹಾಲು ಕರೆದದ್ದನ್ನೂ ಹೇಳಲಿ, ಮಗಳ ಮದುವೆ ಸಾಲವನ್ನೂ ಹೇಳಲಿ. ಎಮ್ಮೆ ಹಾಲು ಕರೆದ ಹೊತ್ತೇ ನಾಳೆ ನಿಮಗೆ ಬೇಕಾದ ಹೊತ್ತು ಆದೀತು. ಮಾತು ನಿಂತಾಗ ಹತ್ತು ಎಣಿಸಿ, ಆ ಹತ್ತರೊಳಗೆ ಇನ್ನೊಂದು ಮಾತು ಬರುತ್ತದೆ. ಮೊಬೈಲ್ ನೋಡುತ್ತಾ ಕೇಳಬೇಡಿ, ಅದು ಕೇಳಿದಂತಲ್ಲ. ಐದು ಸಾಕ್ಷಿಗಳ ಹೇಳಿಕೆಯನ್ನು ಹೆಸರು ಬದಲಿಸಿ ಕಾಪಿ ಪೇಸ್ಟ್ ಮಾಡುವ ರೈಟರ್‌ಗಳಿದ್ದಾರೆ. ನಾಚಿಕೆ ಆಗಬೇಕು. ಹೇಳಿಕೆ ಬರೆದುಕೊಳ್ಳುವುದಾದರೆ ಒಬ್ಬೊಬ್ಬರದನ್ನೂ ಬೇರೆಬೇರೆಯಾಗಿ, ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕೆಂದು ಅದೇ ಸುರಕ್ಷಾ ಸಂಹಿತೆಯ 180ನೇ ಕಲಂ ಹೇಳುತ್ತದೆ. ಅದರ ಮೇಲೆ ಸಾಕ್ಷಿಯ ಸಹಿ ಹಾಕಿಸಿಕೊಳ್ಳಬೇಡಿ, 181 ಬೇಡ ಅನ್ನುತ್ತದೆ. ಆಡಿಯೊ-ವಿಡಿಯೊ ಮಾಡಲು ಅವಕಾಶವಿದೆ, ಮಾಡಿ.

ಇನ್ನೊಂದು ಭ್ರಮೆ ಬಿಡಿ. ಕಣ್ಣು ತಪ್ಪಿಸಿದ, ಬೆವರಿದ, ತೊದಲಿದ, ಇವನೇ ಕಳ್ಳ ಅನ್ನುತ್ತೀರಲ್ಲ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುವ ಗಾದೆ ಊರ ಕಟ್ಟೆಗೆ ಸರಿ. ಪೊಲೀಸ್ ಠಾಣೆಯಲ್ಲಿ ಕುಂಬಳಕಾಯಿ ಕಣ್ಣಿಂದಲೂ ನೋಡದವನು ಹೆಗಲು ಮುಟ್ಟಿಕೊಳ್ಳುತ್ತಾನೆ. ಪಳಗಿದ ಕಳ್ಳ ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಚಹಾ ಕೇಳುತ್ತಾನೆ. ಮುಖ ಓದುವುದನ್ನು ಬಿಟ್ಟು ಅವನು ಹೇಳಿದ ಬಸ್ಸು, ಅಂಗಡಿ, ಹೊತ್ತು ಇವನ್ನು ತಾಳೆ ನೋಡಿ. ನಿಮ್ಮ ಕೈಯಲ್ಲಿರುವ ಪುರಾವೆಯನ್ನು ಮೊದಲೇ ಮೇಜಿನ ಮೇಲೆ ಸುರಿಯಬೇಡಿ. ಅವನ ಕಥೆ ಮುಗಿಯಲಿ, ಆಮೇಲೆ ಒಂದೊಂದೇ ತೆಗೆಯಿರಿ.

ಆರೋಪಿಯ 'ಸ್ವಇಚ್ಛಾ ಹೇಳಿಕೆ'ಗೆ ಬರೋಣ. ಆ ಹೆಸರು ಕೇಳಿದರೇ ನನಗೆ ನಗು. ನಿಮ್ಮ ಮುಂದೆ ಅವನು ಹತ್ತು ಹಾಳೆ ತಪ್ಪೊಪ್ಪಿಕೊಂಡರೂ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪ್ರಕಾರ ಅವನ ವಿರುದ್ಧ ಅದು ಸಾಕ್ಷ್ಯವಾಗುವುದಿಲ್ಲ. ಹಳೆಯ 1872ರ ಕಾಯ್ದೆಯಲ್ಲೂ ಹೀಗೇ ಇತ್ತು. ನಡೆಯುವುದು ಒಂದೇ ತುಂಡು: ಅವನು ಹೇಳಿದ್ದರಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಅಂಟಿದ ಮಾತು. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಬ್ರಿಟಿಷರ ಕಾಲದಲ್ಲೇ ಬಿಡಿಸಿ ಹೇಳಿತು. 'ಮನೆಯ ಸೂರಿನಲ್ಲಿ ಬಚ್ಚಿಟ್ಟ ಚಾಕು ತೋರಿಸುತ್ತೇನೆ' ಅನ್ನುವುದು ನಿಲ್ಲುತ್ತದೆ, 'ಅದರಿಂದಲೇ ಇರಿದೆ' ಅನ್ನುವುದು ಬಿದ್ದುಹೋಗುತ್ತದೆ. ಹಾಗಿರುವಾಗ ರಾತ್ರಿಯಿಡೀ 'ಒಪ್ಪಿಕೊಳ್ಳೋ' ಅಂತ ಕಿರುಚಿ ಗಂಟಲು ಕೆಡಿಸಿಕೊಳ್ಳುವುದು ಯಾವ ಜಾಣತನ? ಮನಸಾರೆ ಒಪ್ಪಿಕೊಳ್ಳುವವನಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ, ಸುರಕ್ಷಾ ಸಂಹಿತೆಯ 183ನೇ ಕಲಂ ಇದೆ.

'ಬಾಯಿ ಬಿಡಿಸುತ್ತೇನೆ ಮೇಡಂ, ಎರಡು ಬಿಟ್ಟರೆ ಸಾಕು' ಅನ್ನುವವರು ನಿಮ್ಮ ಠಾಣೆಯಲ್ಲೂ ಇರುತ್ತಾರೆ. ಹೊಡೆತಕ್ಕೆ ಬಾಯಿ ಬಿಡುತ್ತದೆ ನಿಜ, ಆದರೆ ನೀವು ಕೇಳಬೇಕೆಂದಿದ್ದೇ ಬರುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಹಾಗೆ ನೀವೂ ಕಟ್ಟಿಬಿಡುತ್ತೀರಿ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ 1974ರಲ್ಲಿ ಬಾಂಬ್ ಸಿಡಿದಾಗ ಪೊಲೀಸರು ತಪ್ಪೊಪ್ಪಿಗೆ ಬರೆಸಿಕೊಂಡು ನಾಲ್ವರನ್ನು ಒಳಗೆ ಹಾಕಿಸಿದರು. 1989ರಲ್ಲಿ ಅವರ ಶಿಕ್ಷೆ ರದ್ದಾಯಿತು, ಅಷ್ಟರಲ್ಲಿ ಸುಮಾರು ಹದಿನೈದು ವರ್ಷ ಕಳೆದುಹೋಗಿತ್ತು. ಇಂಥ ಪ್ರಕರಣಗಳ ಅವಮಾನದಿಂದಲೇ ಅಲ್ಲಿನವರು 1992ರಲ್ಲಿ 'ಪೀಸ್' ಅನ್ನುವ ಪದ್ಧತಿ ತಂದರು. ಮೊದಲು ತಯಾರಿ, ಆಮೇಲೆ ಯಾಕೆ ಕರೆಸಿದ್ದೇವೆಂದು ಹೇಳುವುದು, ಅವನ ಮಾತು ಪೂರ್ತಿ ಕೇಳುವುದು, ಸರಿಯಾಗಿ ಮುಗಿಸುವುದು, ಕೊನೆಗೆ ತಾವು ಮಾಡಿದ್ದನ್ನು ತಾವೇ ತೂಗುವುದು. ಒಪ್ಪಿಸುವುದು ಅದರ ಗುರಿಯಲ್ಲ. ನಮ್ಮಲ್ಲೂ ತಪ್ಪೊಪ್ಪಿಸಲು ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮಿನಲ್ಲಿ ಏಳು ವರ್ಷದವರೆಗೆ, ತೀವ್ರ ಗಾಯವಾದರೆ ಹತ್ತು ವರ್ಷದವರೆಗೆ ಜೈಲಿದೆ. ಹೊಡೆ ಅಂದವರು ಅಂದು ನಿಮ್ಮ ಪಕ್ಕದಲ್ಲಿ ನಿಲ್ಲುವುದಿಲ್ಲ.

ಮಂಪರು ಪರೀಕ್ಷೆ ಮಾಡಿಸಿದರಾಯಿತು ಅನ್ನುವ ಅಡ್ಡದಾರಿಯೂ ಮುಚ್ಚಿದೆ. ಒಂದು ಕಾಲಕ್ಕೆ ಬೇರೆ ರಾಜ್ಯಗಳವರೂ ಆರೋಪಿಗಳನ್ನು ಅದಕ್ಕಾಗಿ ಬೆಂಗಳೂರಿಗೆ ಕರೆತರುತ್ತಿದ್ದರು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಒಪ್ಪಿಗೆಯಿಲ್ಲದೆ ಮಂಪರು, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಯಾವುದೂ ಕೂಡದು ಅಂದಿತು. ಒಳ್ಳೆಯದೇ ಆಯಿತು. ಇನ್ನು ಬಂಧಿತನು ವಕೀಲರು ಬೇಕೆಂದರೆ ಮುಖ ಸಿಂಡರಿಸಬೇಡಿ, ವಿಚಾರಣೆಯ ನಡುವೆ ಅವರನ್ನು ಕಾಣುವ ಹಕ್ಕು ಅವನಿಗಿದೆ, ಉದ್ದಕ್ಕೂ ಕೂರಿಸಿಕೊಳ್ಳುವ ಹಕ್ಕಿಲ್ಲ ಅಷ್ಟೆ. ವಕೀಲರ ಹೆದರಿಕೆ ಯಾರಿಗೆ? ಕೆಲಸ ಅಚ್ಚುಕಟ್ಟಾಗಿ ಮಾಡದವರಿಗೆ.

ಸರಿ, ಹೊತ್ತಾಯಿತು, ನಿಮಗೂ ಡ್ಯೂಟಿ ಇದೆ. ಈಗ ಠಾಣೆಗೆ ಹೋದ ತಕ್ಷಣ ಆ ಬೆಂಚಿನ ಕಡೆ ಒಮ್ಮೆ ನೋಡಿ. ಬೆಳಿಗ್ಗೆಯಿಂದ ಕಾದು ಕೂತವರಿಗೆ ಯಾರಾದರೂ ನೀರು ಕೊಟ್ಟಿದ್ದಾರಾ ವಿಚಾರಿಸಿ.